ಎಪ್ಪತ್ತೊಂದನೇ ಮನೆ

ಐದನೇ ಸಲವೂ ಪಾಸ್‌ವರ್ಡ್ ತಪ್ಪಾಯಿತು. 'ಈ ಖಾತೆಯನ್ನು ಲಾಕ್ ಮಾಡಲಾಗಿದೆ' ಎಂದು ಪರದೆ ಹೇಳಿತು. ನೇತ್ರಾವತಿ ಲ್ಯಾಪ್‌ಟಾಪನ್ನು ತೊಡೆಯ ಮೇಲೇ ಮುಚ್ಚಿದಳು. ಆಟೊ ಬಾಗೂರು ದಾಟಿ ಹಟ್ಟಿಯ ಮಣ್ಣುದಾರಿಗೆ ಇಳಿದಿತ್ತು.

ಖಾತೆ ಜುಂಜೇಶನದು. ಹೊಸದುರ್ಗದ ತಾಲ್ಲೂಕು ಕಚೇರಿಯಲ್ಲಿ ಹನ್ನೆರಡು ವರ್ಷ ಅವಳ ಪಕ್ಕದ ಮೇಜಿನಲ್ಲಿ ಕೂತಿದ್ದ ಕಂಪ್ಯೂಟರ್ ಆಪರೇಟರ್. ಬೆಳಗಿನ ಜಾವ ಎದೆ ಹಿಡಿದುಕೊಂಡವನು ಆಸ್ಪತ್ರೆ ಮುಟ್ಟುವ ಮೊದಲೇ ತೀರಿಹೋಗಿದ್ದ. ನಲವತ್ಮೂರು ವಯಸ್ಸು. ಸರ್ಕಾರಿ ದಾಖಲೆಯಲ್ಲಿಲ್ಲದ ಅವನ ಹಟ್ಟಿಯನ್ನು ಕಂದಾಯ ಗ್ರಾಮ ಮಾಡಿ, ಮನೆಗಳಿಗೆ ಹಕ್ಕುಪತ್ರ ಕೊಡಲು ಬೇಕಾದ ಮನೆಗಳ ಪಟ್ಟಿ, ಫೋಟೊ, ಅಳತೆ ಎಲ್ಲವೂ ಆ ಖಾತೆಯೊಳಗಿದ್ದವು. ಪಟ್ಟಿ ಕಳಿಸಲು ಇವತ್ತು ಸಂಜೆ ಐದು ಗಂಟೆಯೇ ಕೊನೆ. ಚಿತ್ರದುರ್ಗದ ಜಿಲ್ಲಾ ಕಚೇರಿಗೆ ಫೋನ್ ಮಾಡಿದರೆ, ಲಾಕ್ ತೆಗೆಯಲು ಒಂದು ವಾರ ಬೇಕೆಂದರು. ಉಳಿದಿದ್ದು ಒಂದೇ ದಾರಿ: ಜುಂಜೇಶನ ಫೋನಿನೊಳಗಿನ ಆ್ಯಪಿನಲ್ಲಿ ಬರುವ ಆರು ಅಂಕಿಯ ಕೋಡು.

ಹಟ್ಟಿಯಲ್ಲಿ ಕುರಿಗಳನ್ನು ಮೇಯಲು ಬಿಟ್ಟಿರಲಿಲ್ಲ. ರೊಪ್ಪದ ಬೇಲಿಯೊಳಗೆ ಒತ್ತಾಗಿ ನಿಂತಿದ್ದವು. ಅಷ್ಟು ಕುರಿಗಳಲ್ಲಿ ಒಂದೂ ಅರಚುತ್ತಿರಲಿಲ್ಲ.

ಜುಂಜೇಶನನ್ನು ನಡುಮನೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಗದ್ದಕ್ಕೆ ಬಿಳಿ ಬಟ್ಟೆ, ಹಣೆಗೆ ವಿಭೂತಿ. ಕೆಲಸದ ನಡುವೆ ಕಣ್ಣು ಮುಚ್ಚಿ ಕೂತವನ ಹಾಗಿದ್ದ.

"ಬರ್ರಿ ಮೇಡಂ, ಕುಂತ್ಕಳ್ರಿ," ಅಂದಳು ಅವನ ಹೆಂಡತಿ ಲತಾ. ಅತ್ತು ಅತ್ತು ದನಿ ಹೋಗಿತ್ತು.

ನೇತ್ರಾವತಿ ಅವನ ಎದುರಿಗೆ ಕೂತಳು. ಪಟ್ಟಿಯ ವಿಷಯ ತಿಳಿಸಿದ ಮೇಲೆ ಲತಾ ಎದ್ದು ಫೋನ್ ತಂದುಕೊಟ್ಟಳು. "ನಂಬರ್ ನಂಗೊತ್ತಿಲ್ರಿ. ಅವ್ರು ಮುಖ ತೋರ್ಸಿ ತೆಗೀತಿದ್ರು."

ನೇತ್ರಾವತಿ ಫೋನನ್ನು ಅವನ ಮುಖದ ಎದುರು ಹಿಡಿದಳು. ಅದು ಒಮ್ಮೆ ಅದುರಿ ಸುಮ್ಮನಾಯಿತು. 'ಕಣ್ಣು ತೆರೆಯಿರಿ' ಎಂಬ ಅಕ್ಷರ ಬಂತು.

ಬಾಗಿಲಲ್ಲಿ ಕೂತಿದ್ದ ಜುಂಜೇಶನ ದೊಡ್ಡಪ್ಪ ಗುಡ್ಡಪ್ಪನಿಗೆ ಅರ್ಥವಾಯಿತು. "ಬ್ಯಾಡ. ಮುಚ್ಚಿದ ಕಣ್ಣು ತೆಗೀಬಾರ್ದು. ಯಾರ್ ಮ್ಯಾಲೆ ನೋಟ ಬೀಳ್ತತೋ ಅವ್ರನ್ನ ಕರ್ಕಂಡೋಗ್ತನೆ."

ನೇತ್ರಾವತಿ ಫೋನನ್ನು ಕೆಳಗಿಳಿಸಿದಳು.

\*\*\*

ಕಳೆದ ಚಳಿಗಾಲದಲ್ಲಿ ಒಂದು ಭಾನುವಾರ ನೇತ್ರಾವತಿ ಅವನ ಜೊತೆ ಈ ಹಟ್ಟಿಗೆ ಬಂದಿದ್ದಳು. ಅವನು ಕೈಯಲ್ಲಿ ಟೇಪು, ಹೆಗಲಿಗೆ ಚೀಲ ಹಾಕಿಕೊಂಡು ಮನೆಯಿಂದ ಮನೆಗೆ ಹೋಗುತ್ತಿದ್ದ. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿಯೂ ಅವನಿಗೆ ಟಗರು ಕಂಡರೆ ಭಯ. ಮಕ್ಕಳು ಬೇಕೆಂದೇ ಟಗರನ್ನು ಅವನತ್ತ ಅಟ್ಟಿ ನಗುತ್ತಿದ್ದರು. ಅವನೂ ನಗುತ್ತಲೇ ಜಗಲಿ ಹತ್ತುತ್ತಿದ್ದ.

ಉಚ್ಚಂಗಮ್ಮ ಎಂಬ ಮುದುಕಿ ತನ್ನ ಗುಡಿಸಲ ಬಾಗಿಲಿಗೆ ಅಡ್ಡ ನಿಂತಿದ್ದಳು. "ಅರವತ್ತು ವರ್ಸದಿಂದ ಇಲ್ಲೇ ಇವ್ನಿ. ಇದ್ ನಿನ್ ಮನೆ ಅಲ್ಲ ಅಂತಾರಲ್ಲೋ?"

"ಇನ್ ಮ್ಯಾಲೆ ಅನ್ನಲ್ಲ ಅಜ್ಜಿ. ನಿನ್ ಹೆಸ್ರು ಬರ್ಕಂಡಿನಿ. ಹಿಂಗ್ ನೋಡು, ಫೋಟೊ."

ಮುದುಕಿ ಹಲ್ಲಿಲ್ಲದ ಬಾಯಿಯನ್ನು ಬಿಗಿಯಾಗಿ ಮುಚ್ಚಿಕೊಂಡು ನಿಂತಳು. ಅವನು ಟೇಪನ್ನು ನೇತ್ರಾವತಿಯ ಕೈಗೆ ಕೊಟ್ಟು, ಮೂರು ಸಲ ಫೋಟೊ ತೆಗೆದು, ಚೆನ್ನಾಗಿ ಬಂದಿದ್ದನ್ನು ಆರಿಸಿಕೊಂಡ. ಕಚೇರಿಯಲ್ಲಿ ಅವನಿಗೆ ಈ ಕೆಲಸ ಯಾರೂ ಹೇಳಿರಲಿಲ್ಲ.

\*\*\*

ಜುಂಜೇಶನ ತಾಯಿ ನಾಗಕ್ಕ ಗೋಡೆ ಹಿಡಿದು ಎದ್ದಳು.

"ನೋಟ ನನ್ ಮ್ಯಾಲೇ ಬೀಳ್ಲಿ ಬಿಡ್ರಿ ಭಾವ. ನಾನೇನ್ ಇನ್ನ ಹುಡುಗೀನಾ?" ಮಗನ ಮುಂದೆ ಮಂಡಿಯೂರಿ ಕೂತು, ಎರಡು ಹೆಬ್ಬೆರಳಿನಿಂದ ಅವನ ರೆಪ್ಪೆಗಳನ್ನು ಮೆಲ್ಲಗೆ ಎತ್ತಿದಳು. "ಏಳಪ್ಪ. ಮೇಡಂ ಬಂದವ್ರೆ."

ಫೋನ್ ಟಿಕ್ ಎಂದಿತು. ತೆರೆದುಕೊಂಡಿತು.

ಕೂತಿದ್ದ ಹೆಂಗಸರು ಒಟ್ಟಿಗೆ ಉಸಿರೆಳೆದುಕೊಂಡರು. ನೇತ್ರಾವತಿ ಆ್ಯಪಿನಲ್ಲಿ ಕೋಡು ನೋಡಿ ಲ್ಯಾಪ್‌ಟಾಪಿಗೆ ಹಾಕಿದಳು. ಖಾತೆ ತೆರೆಯಿತು. ನಾಗಕ್ಕ ಅವನ ರೆಪ್ಪೆಗಳನ್ನು ಮತ್ತೆ ಇಳಿಸಿದಳು. ಎಡಗಣ್ಣು ಪೂರ್ತಿ ಮುಚ್ಚಲಿಲ್ಲ. ಎರಡು ಸಲ ಸವರಿದರೂ ಬಿಳಿಗುಡ್ಡೆಯ ಒಂದು ಗೆರೆ ಕಾಣುತ್ತಲೇ ಇತ್ತು.

ಅವನ ಎದುರಿಗಿದ್ದವರು ಒಬ್ಬೊಬ್ಬರಾಗಿ ಪಕ್ಕಕ್ಕೆ ಸರಿದರು. ನೆಟ್‌ವರ್ಕ್ ಸಿಗುತ್ತಿದ್ದುದು ಅವನ ಎದುರಿನ ಆ ಜಾಗದಲ್ಲಿ ಮಾತ್ರ. ನೇತ್ರಾವತಿ ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಲತಾ ಬಂದು ಅವಳ ಪಕ್ಕದಲ್ಲಿ ಕೂತಳು.

ಪಟ್ಟಿ ಸಿದ್ಧವಾಗಿಯೇ ಇತ್ತು. ಎಪ್ಪತ್ತೊಂದು ಮನೆ. ಕಳಿಸುವ ಗುಂಡಿ ಒತ್ತಿದರೆ ಒಪ್ಪಲಿಲ್ಲ. ಒಂದು ಮನೆಯ ವಿವರ ಅಪೂರ್ಣ ಎಂದಿತು. ಎಪ್ಪತ್ತು ಸಾಲಿಗೆ ಹಸಿರು ಗುರುತು, ಕೊನೆಯದಕ್ಕೆ ಕೆಂಪು. ನೇತ್ರಾವತಿ ಅದನ್ನು ತೆರೆದಳು.

ಮನೆಯ ಹಕ್ಕುದಾರರು: ಲತಾ.

ಗಂಡನ ಹೆಸರು: ದಿವಂಗತ ಜುಂಜೇಶ್.

ಕೆಳಗೆ, ಈ ವಿವರ ಉಳಿಸಿದ ದಿನ. ಹನ್ನೊಂದು ದಿನದ ಹಿಂದಿನದು.

ನೇತ್ರಾವತಿ ಆ ಸಾಲಿಗೆ ಸೇರಿಸಿದ್ದ ದಾಖಲೆಗಳನ್ನು ತೆರೆದಳು. ಹೋದ ತಿಂಗಳು ಅವನು ಎರಡು ಸಲ ರಜೆ ಹಾಕಿ ದಾವಣಗೆರೆಗೆ ಹೋಗಿದ್ದ. ಕೇಳಿದ್ದಕ್ಕೆ, ಯಾರದೋ ಮದುವೆ ಅಂದಿದ್ದ. ಅಲ್ಲಿನ ಹೃದಯದ ಡಾಕ್ಟರು ಕೊಟ್ಟ ಚೀಟಿಯೂ ಆ ಖಾತೆಯಲ್ಲೇ ಇತ್ತು. ಆಪರೇಷನ್ ತಡ ಮಾಡಬಾರದೆಂದು ಅದರಲ್ಲಿ ಬರೆದಿತ್ತು. ಪಟ್ಟಿ ಮುಗಿಯುವವರೆಗೆ ಅವನು ತಡ ಮಾಡಿದ್ದ.

ಲತಾ ಪರದೆಯ ಮೇಲಿನ ತನ್ನ ಫೋಟೊ ನೋಡುತ್ತಿದ್ದಳು. ಹಸಿರು ಸೀರೆ, ದೊಡ್ಡ ಕುಂಕುಮ, ಮುಡಿಗೆ ಕನಕಾಂಬರ.

"ಹೋದ್ ತಿಂಗ್ಳು ಹೊಸದುರ್ಗಕ್ಕೆ ಕರ್ಕಂಡೋಗಿ ತೆಗ್ಸಿದ್ರು. ಯಾಕ್ರಿ ಅಂದ್ರೆ, ಸುಮ್ನೆ, ಚೆನ್ನಾಗ್ ಕಾಣ್ತೀಯ ಅಂದ್ರು." ಆಮೇಲೆ ಅವಳ ಬೆರಳು ನಿಧಾನವಾಗಿ ಕೆಂಪು ಚೌಕಕ್ಕೆ ಬಂತು. "ಇದೇನ್ರಿ, ಇದೊಂದ್ ಖಾಲಿ ಬಿಟ್ಟವ್ರೆ?"

ನೇತ್ರಾವತಿ ಲ್ಯಾಪ್‌ಟಾಪನ್ನು ಅವಳತ್ತ ಸರಿಸಿದಳು. ಲತಾ ತಾನೇ ಅಕ್ಷರ ಕೂಡಿಸಿ ಓದಿಕೊಂಡಳು. ಗಂಡನ ಮರಣದ ದಿನಾಂಕ.

ಹೊರಗೆ ಗುಡ್ಡಪ್ಪನ ದನಿ ಕೇಳಿಸಿತು. "ನಾಕೂವರೆ ಆತು. ಎತ್ರಪ್ಪ, ಹೋಗಾಣ."

"ಇವತ್ತು ಎಷ್ಟನೇ ತಾರೀಕ್ರಿ?" ಎಂದಳು ಲತಾ.

"ನಾನು ಹಾಕ್ತೀನಿ, ಕೊಡಿ."

"ಬ್ಯಾಡ್ರಿ. ನಂಗ್ ಬಿಟ್ಟವ್ರೆ."

ನೇತ್ರಾವತಿ ತಾರೀಕು ಹೇಳಿದಳು. ಲತಾ ಒಂದೇ ಬೆರಳಿನಲ್ಲಿ, ಪ್ರತಿ ಅಂಕಿಯನ್ನೂ ಹುಡುಕಿ ಹುಡುಕಿ ಒತ್ತಿದಳು. ನಾಲ್ಕು ಜನ ಬಂದು ಜುಂಜೇಶನನ್ನು ಕೂತ ಹಾಗೇ ಎತ್ತಿದರು. ಬಾಗಿಲು ತಗ್ಗು, ಅವನ ತಲೆಯನ್ನು ಯಾರೋ ಅಂಗೈಯಿಂದ ಬಗ್ಗಿಸಿದರು. ಪರದೆಯ ಮೇಲಿನ ಕೆಂಪು ಹಸಿರಾಯಿತು, ನೇತ್ರಾವತಿ ಕಳಿಸುವ ಗುಂಡಿ ಒತ್ತಿದಳು. ಲತಾ ತಿರುಗಿ ನೋಡಲಿಲ್ಲ. ಕೊನೆಯ ಅಂಕಿಯ ಮೇಲಿಟ್ಟ ಬೆರಳನ್ನು, ಉಗುರು ಬೆಳ್ಳಗಾಗುವವರೆಗೂ, ಅವಳು ಎತ್ತಲಿಲ್ಲ.