ನಾಗಪ್ಪನ ಹರಾಜು

ಏಪ್ರಿಲ್ ಕೊನೆಯ ವಾರ. ಮರಗಳೆಲ್ಲ ಒಟ್ಟಿಗೇ ಹೂಬಿಟ್ಟು ಗಾಳಿಯ ತುಂಬ ಪೋಲೆನ್ನಿನ ಹಳದಿ ಪುಡಿ ಹಾರಾಡುತ್ತಿತ್ತು. ಅಯೂಬ್ ಬಾನೆಟ್ ಒರೆಸಿ ಡಿಕ್ಕಿಯ ಕಡೆಗೆ ಹೋಗುವಷ್ಟರಲ್ಲಿ ಬಾನೆಟ್ಟಿನ ನೀಲಿಯ ಮೇಲೆ ಅರಿಸಿನ ಚಿಮುಕಿಸಿದ ಹಾಗೆ ಅದು ಮತ್ತೆ ಕೂತಿರುತ್ತಿತ್ತು. ಬೆಳಗಿನಿಂದ ಇದು ನಾಲ್ಕನೆಯ ಸಲ. ಅವನು ಬೇಸರಪಡದೆ ಬಟ್ಟೆಯ ಇನ್ನೊಂದು ಮಗ್ಗುಲು ತಿರುಗಿಸಿಕೊಂಡು ಮೊದಲಿನಿಂದ ಶುರುಮಾಡಿದ.

"ಅಯೂಬ್ ಸಾಬ್ರೇ, ನಮ್ಮ ನಾಗಪ್ಪನ ಚರ್ಮ ಸುಲಿದು ಹೋಗುತ್ತೆ, ಬಿಡಿ ಸಾಕು," ಎಂದ ಕೇಶವಮೂರ್ತಿ. ಕಾರಿನ ಹೆಸರು ಕೋಬ್ರಾ. ಅದನ್ನು ನಾಗಪ್ಪ ಎಂದು ಕರೆಯುವುದು ಅವನ ಅಭ್ಯಾಸ.

"ಕೊಳ್ಳೋರು ಕಣ್ಣಲ್ಲಿ ನೋಡಲ್ಲ ಮೂರ್ತಿಯೋರೆ, ಬೆರಳಲ್ಲಿ ನೋಡ್ತರೆ. ನಮ್ಮಪ್ಪ ರೇಷ್ಮೆ ಗೂಡು ಮುಟ್ಟಿ ನೋಡ್ತಿದ್ದಂಗೆ."

ಎಡಿಸನ್ ಎಂಬ ಊರಿನ ಪ್ರದರ್ಶನ ಭವನದ ಹಿಂದೆ, ಪಾರ್ಕಿಂಗ್ ಲಾಟಿನಲ್ಲಿ ಅವರು ಟ್ರೇಲರ್ ನಿಲ್ಲಿಸಿ ಕಾರು ಇಳಿಸಿದ್ದರು. ಸುತ್ತ ಹಳೆಯ ಕಾಲದ ಕಾರುಗಳು ಸಾಲಾಗಿ ನಿಂತಿದ್ದವು. ಹರಾಜು ಹನ್ನೊಂದಕ್ಕೆ.

ಇದು ಅಸಲಿ ಕಾರಲ್ಲ. ಅರವತ್ತರ ದಶಕದ ಕೋಬ್ರಾದ ನಕಲು. ಹಾಗೆಂದು ಅಚ್ಚಿನಲ್ಲಿ ಎರಕ ಹೊಯ್ದ ಫೈಬರ್ ಮೈಯೂ ಅಲ್ಲ. ಹೈವೇ ಪಕ್ಕದ ತನ್ನ ಟಿಂಕರಿಂಗ್ ಶೆಡ್ಡಿನಲ್ಲಿ ಅಯೂಬ್ ಮೂರು ವರ್ಷ, ಮರಳಿನ ಚೀಲದ ಮೇಲೆ ಅಲ್ಯೂಮಿನಿಯಂ ತಗಡು ಇಟ್ಟು, ಮರದ ಸುತ್ತಿಗೆಯಲ್ಲಿ ಬಡಿದು ಬಡಿದು ಎಬ್ಬಿಸಿದ ಮೈ. ಮಾಡಿಸಿದವನು ಕೇಶವಮೂರ್ತಿ. ಮೈಸೂರಿನ ಹಾಸ್ಟೆಲ್ಲಿನಲ್ಲಿದ್ದಾಗ ಗೋಡೆಯ ಕ್ಯಾಲೆಂಡರಿನಲ್ಲಿ ನೋಡಿದ್ದ ಕಾರು. ಮ್ಯಾನ್‌ಹಟನ್ನಿನ ಬ್ಯಾಂಕೊಂದರಲ್ಲಿ ಕೆಲಸ, ಮಾನ್ಮತ್ ಜಂಕ್ಷನ್ನಿನಲ್ಲಿ ಮನೆ ಎರಡೂ ಆದಮೇಲೆ, ಇಪ್ಪತ್ತೈದು ಸಾವಿರ ಡಾಲರ್ ಮುಂಗಡ ಕೊಟ್ಟು, ಉಳಿದ ಇಪ್ಪತ್ತೈದು ಕಾರು ಕೈಗೆ ಬಂದಾಗ ಎಂದಿದ್ದ. ಎಂಜಿನ್ನು, ಚಕ್ರ, ತಗಡು ಎಲ್ಲ ಆ ಮುಂಗಡದಲ್ಲೇ ಬಂದವು.

ಹೋದ ಅಕ್ಟೋಬರಿನಲ್ಲಿ ಬ್ಯಾಂಕು ಅವನನ್ನು ಮನೆಗೆ ಕಳಿಸಿತು. ಫೆಬ್ರವರಿಯ ಒಂದು ಮಧ್ಯಾಹ್ನ ಶೆಡ್ಡಿಗೆ ಬಂದು, ಚಹಾ ಕುಡಿದು, ಕಾರಿನ ಸುತ್ತ ಎರಡು ಸುತ್ತು ಹಾಕಿ, "ಮನೆ ಕಂತು ಕಟ್ಟಿಲ್ಲ ಸಾಬ್ರೇ. ಮೇ ಕೊನೆಗೆ ಬ್ಯಾಂಕಿನವರು ಮನೆ ತಗೊಳ್ತಾರಂತೆ," ಎಂದಷ್ಟೇ ಹೇಳಿ ಹೋಗಿದ್ದ. ಮುಂಗಡ ವಾಪಸು ಕೊಡಿ ಎಂದು ಬಾಯಿಬಿಟ್ಟು ಕೇಳಲಿಲ್ಲ. ಕೇಳದಿದ್ದುದಕ್ಕೇ ಅಯೂಬನಿಗೆ ಅಂದು ನಿದ್ದೆ ಬರಲಿಲ್ಲ. ಅವನ ಶೆಡ್ಡಿನದೂ ಎಂಟು ತಿಂಗಳ ಬಾಡಿಗೆ ನಿಂತಿತ್ತು. ಡೆಂಟು ಬಿದ್ದ ಕಾರನ್ನು ಜನ ಹಾಗೇ ಓಡಿಸತೊಡಗಿದ್ದರು. ಐವತ್ತು ಸಾವಿರ ಬಂದರೆ ಮನೆಯೂ ಉಳಿದೀತು, ಶೆಡ್ಡೂ ಉಳಿದೀತು. ಹಾಗಾಗಿ ಹರಾಜು.

"ಒಂದು ಸಲ ಕೂತ್ಕೊಂಡು ನೋಡ್ಲಾ?" ಎಂದ ಕೇಶವಮೂರ್ತಿ. ಕೆಲಸವಿಲ್ಲದಿದ್ದರೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ.

"ಇದೇನ್ ಕೇಳ್ತೀರ? ಗೇಟ್‌ಗಂಟ ನೀವೇ ಓಡ್ಸಿ."

ಅವನು ಕೀಲಿ ತಿರುಗಿಸಿದ. ಎಂಜಿನ್ನು ಕೆಮ್ಮಿ ಸತ್ತಿತು.

"ಹಂಗಲ್ಲ. ಪೆಡಲು ಎರಡು ಸಲ ಒತ್ತಿ ಬುಡಿ. ಐದರಗಂಟ ಎಣಿಸಿ. ಆಮೇಲೆ ಕೀಲಿ. ಅದುಕ್ಕೂ ಉಸುರು ತಗಳಕ್ಕೆ ಟೈಮು ಬೇಕಲ್ಲ."

ಎರಡು ಸಲ ಒತ್ತಿ, ಮೆಲ್ಲಗೆ ಎಣಿಸಿ ತಿರುಗಿಸಿದಾಗ ಕಾರು ಎದೆ ನಡುಗುವಂತೆ ಗುಡುಗಿತು. ಇನ್ನೂರು ಗಜ. ಕೇಶವಮೂರ್ತಿ ನಡೆಯುವವನ ವೇಗದಲ್ಲಿ ಓಡಿಸಿದ. ಗೇಟಿನ ಬಳಿ ಇಳಿದು, ಕೀಲಿ ಅಯೂಬನ ಕೈಗಿಟ್ಟು, ಕನ್ನಡಕ ಒರೆಸಿಕೊಂಡ. "ಪೋಲೆನ್ನು," ಎಂದ.

ಒಳಗೆ ಮೇಜಿನ ಹಿಂದೆ ಮಾರ್ಗರೆಟ್ ಎಂಬ ಮುದುಕಿ ಫಾರ್ಮು ತುಂಬುತ್ತಿದ್ದಳು. ಕಾಲೇಜಿನಲ್ಲಿ ಎರಡನೇ ವರ್ಷ ಓದುತ್ತಿದ್ದ ಅಯೂಬನ ಮಗಳು ನಬೀಲಾ ಅಪ್ಪನ ಪಕ್ಕ ನಿಂತು ಮಾತು ದಾಟಿಸುತ್ತಿದ್ದಳು. ರಿಸರ್ವ್ ಹಾಕುತ್ತೀರಾ, ಇಲ್ಲವಾ ಎಂದು ಮಾರ್ಗರೆಟ್ ಕೇಳಿದಳು. ಹಾಕಿದರೆ ಆರುನೂರು ಡಾಲರ್ ಹೆಚ್ಚಿನ ಶುಲ್ಕ. ಈ ವರ್ಷ ರಿಸರ್ವ್ ಇರುವ ನಕಲಿ ಕಾರುಗಳ ಕಡೆ ಯಾರೂ ತಿರುಗಿಯೂ ನೋಡುತ್ತಿಲ್ಲ ಎಂದೂ ಹೇಳಿದಳು.

"ಅಬ್ಬಾ, ಇಷ್ಟಕ್ಕಿಂತ ಕಮ್ಮಿಗೆ ಕೊಡಲ್ಲ ಅಂತ ಮೊದಲೇ ಬರ್ಕೊಡೋದು. ಐ ಥಿಂಕ್ ವಿ ಶುಡ್," ಎಂದಳು ನಬೀಲಾ. ಕೇಶವಮೂರ್ತಿ ಜೊತೆಗಿದ್ದರೆ ಮನೆಯ ಉರ್ದು ಬಿಟ್ಟು ಕನ್ನಡ.

"ಮೊದಲೇ ಯಾಕೆ ಬರ್ಕೊಡಬೇಕು? ಕಮ್ಮಿ ಕೂಗುದ್ರೆ ನಾನು ಒಪ್ಪಲ್ಲ, ಅಷ್ಟೇಯ."

"ಆರ್ ಯು ಶೂರ್?"

"ನಾನು ಹರಾಜಲ್ಲೇ ಹುಟ್ಟಿದೋನು ಕಣಮ್ಮ."

ಅದು ಸುಳ್ಳಲ್ಲ. ರಾಮನಗರದಲ್ಲಿ ಅವರದು ರೇಷ್ಮೆ ನೂಲು ಬಿಚ್ಚುವ ಮನೆ. ದಿನಾ ಬೆಳಿಗ್ಗೆ ಅವನ ತಂದೆ ಗೂಡಿನ ಮಾರ್ಕೆಟ್ಟಿಗೆ ಹೋಗಿ, ರಾಶಿ ಹಾಕಿದ ಲಾಟಿನಿಂದ ಲಾಟಿಗೆ ನಡೆದು, ಗೂಡು ಹಿಚುಕಿ ನೋಡಿ ಬೆಲೆ ಕೂಗುತ್ತಿದ್ದ. ಕೂಗು ನಿಂತಮೇಲೆ ಮಾರ್ಕೆಟ್ಟಿನ ಗುಮಾಸ್ತ ಚೀಟಿ ಬರೆಯುವ ಮುಂಚೆ ರೈತನ ಮುಖ ನೋಡುತ್ತಿದ್ದ. "ಏನಪ್ಪಾ, ಒಪ್ಪಿಗೆಯಾ?" ಹೆಗಲ ಮೇಲಿನ ಟವೆಲ್ಲು ಕೊಡವಿ ರೈತ ಅಡ್ಡಡ್ಡ ತಲೆಯಾಡಿಸಿದರೆ ಆಯಿತು, ಎಷ್ಟು ದೊಡ್ಡ ಸಾಹುಕಾರ ಕೂಗಿದ್ದರೂ ಲಾಟು ಅಲ್ಲೇ ಉಳಿಯುತ್ತಿತ್ತು. ಇನ್ನೊಂದು ಸುತ್ತಿನ ಕೂಗಿಗೆ ಕಾಯುತ್ತಿತ್ತು. ಅಯೂಬನ ತಂದೆ ಎಷ್ಟೋ ಸಲ ಬರಿಗೈಯಲ್ಲಿ ಬಂದು ರೈತರನ್ನು ಬೈದುಕೊಂಡದ್ದುಂಟು. ಅಯೂಬ್ 'ರಿಸರ್ವ್ ಇಲ್ಲ' ಎಂಬಲ್ಲಿ ಗೀಟು ಹಾಕಿ, ಕೆಳಗೆ ನಿಧಾನವಾಗಿ ಸಹಿ ಮಾಡಿದ.

ಲಾಟು ನಂಬರು ನೂರಾ ಹದಿನಾಲ್ಕು. ಅದು ಬರುವಷ್ಟರಲ್ಲಿ ಅರ್ಧ ಕುರ್ಚಿಗಳು ಖಾಲಿಯಾಗಿದ್ದವು. ಇಬ್ಬರು ಮೂವರು ಬಂದು ಕಾರಿನ ಬಾಗಿಲ ಮೇಲೆ ಬೆರಳಿನ ಗೆಣ್ಣಿನಲ್ಲಿ ಕುಟ್ಟಿ, ತಗಡಿನ ಸದ್ದು ಕೇಳಿ ಹುಬ್ಬೇರಿಸಿದರು. ಬೋರ್ಡಿನಲ್ಲಿದ್ದ 'ರೆಪ್ಲಿಕಾ' ಎಂಬುದನ್ನು ಓದಿ ಮುಂದೆ ಹೋದರು. ವೇದಿಕೆಯ ಮೇಲೆ ಹರಾಜುಗಾರ ಉಸಿರುಗಟ್ಟಿ ಕೂಗುತ್ತಿದ್ದ. ಹತ್ತು. ಹದಿನೈದು. ಹದಿನೆಂಟು. ಇಪ್ಪತ್ತೆರಡಕ್ಕೆ ಬಂದು ನಿಂತಿತು. ತಳ್ಳಿ ತಳ್ಳಿ ಇಪ್ಪತ್ತೈದು. ಕೆಂಪು ಟೋಪಿಯ ದಪ್ಪ ಮನುಷ್ಯನೊಬ್ಬ ಎರಡು ಬೆರಳು ಎತ್ತಿದ. ಇಪ್ಪತ್ತೇಳು.

ಅಯೂಬ್ ಅಡ್ಡಡ್ಡ ತಲೆಯಾಡಿಸಿದ. ಯಾರೂ ನೋಡಲಿಲ್ಲ. ಎದ್ದು ನಿಂತು ಇನ್ನಷ್ಟು ದೊಡ್ಡದಾಗಿ ತಲೆಯಾಡಿಸಿದ. ಹರಾಜುಗಾರನ ಕಣ್ಣು ಅವನ ಮೇಲೆ ಹಾದು ಮುಂದಿನ ಸಾಲಿಗೆ ಹೋಯಿತು. ಅಯೂಬ್ ಬಲಗೈ ಎತ್ತಿದ.

ಪಕ್ಕದಲ್ಲಿ ನಿಂತು ಬಿಡ್ಡು ಗುರುತಿಸುತ್ತಿದ್ದ ಆಳೊಬ್ಬ ಓಡಿ ಬಂದ. "ಬಿಡ್ ಮಾಡ್ತಿದೀರಾ ಸರ್?"

"ನೋ, ನೋ. ಓನರ್. ಐ ಡೋಂಟ್ ಅಗ್ರೀ."

ಆ ಆಳು ಅವನ ಮುಖವನ್ನು ಒಂದು ಕ್ಷಣ ನೋಡಿದ. ಗದರಲಿಲ್ಲ. ಬಹಳ ಮರ್ಯಾದೆಯಿಂದ, "ಹಾಗಾದರೆ ಕೈ ಕೆಳಗಿಳಿಸಿ ಸರ್," ಎಂದ.

ನಬೀಲಾ ಅಪ್ಪನ ಮೊಣಕೈ ಹಿಡಿದುಕೊಂಡಳು. ಹರಾಜುಗಾರನ ಸುತ್ತಿಗೆ ಬಿತ್ತು.

"ಚೀಟಿ ಬರೆಯೋ ಮುಂಚೆ ಕೇಳ್ತರೆ, ಇರು," ಎಂದ ಅಯೂಬ್.

"ಕೇಳಲ್ಲ ಅಬ್ಬಾ. ಇಟ್ಸ್ ಡನ್."

ಅವನು ಮಾರ್ಗರೆಟ್ಟಳ ಮೇಜಿನ ತನಕ ಹೋಗಿ ನಿಂತ. ಅವಳು ಫಾರ್ಮು ಅವನ ಕಡೆ ತಿರುಗಿಸಿ, ಗೀಟು ಹಾಕಿದ ಜಾಗವನ್ನು ಪೆನ್ನಿನಲ್ಲಿ ತೋರಿಸಿದಳು. ತನ್ನದೇ ಸಹಿ. ಸರದಿಯಲ್ಲಿ ಅವನ ಹಿಂದೆ ಇನ್ನೂ ನಾಲ್ಕು ಜನ ನಿಂತಿದ್ದರು. ಅವನು ಪಕ್ಕಕ್ಕೆ ಸರಿದ.

ಕಮಿಷನ್ ಕಳೆದು ಇಪ್ಪತ್ನಾಲ್ಕು ಸಾವಿರದ ಮುನ್ನೂರು. ಚೆಕ್ಕು ಹದಿನೈದು ದಿನಕ್ಕೆ. ಅಯೂಬ್ ಲೆಕ್ಕದ ಚೀಟಿಯನ್ನು ಎರಡಾಗಿ ಮಡಚಿ ಹೊರಗೆ ಬಂದು, ಟ್ರೇಲರಿನ ಬಳಿ ಕಾಯುತ್ತಿದ್ದ ಕೇಶವಮೂರ್ತಿಯ ಕೈಗೆ ಕೊಟ್ಟ.

"ಚೆಕ್ ಬಂದ ದಿನವೇ ನಿಮ್ಮನೇಗೆ ತಂದ್ಕೊಡ್ತೀನಿ. ನಿಮ್ಮ ಮುಂಗಡಕ್ಕೆ ಏಳ್ನೂರು ಕಮ್ಮಿ ಬಿದ್ದೈತೆ. ಬಾಕಿ ಮಡಿಕ್ಕಳಿ."

ಕೇಶವಮೂರ್ತಿ ಚೀಟಿ ಬಿಡಿಸಿ ನೋಡಲಿಲ್ಲ. "ಮತ್ತೆ ನಿಮ್ಮ ಶೆಡ್ಡು?"

"ಸುತ್ತಿಗೆ, ಮರಳು ಚೀಲ ನಂದೇ ಅಲ್ವ. ಎತ್ಕಂಡು ಓಯ್ತೀನಿ."

"ಎಲ್ಲಿಗೆ?"

ಅಯೂಬ್ ಟ್ರೇಲರಿನ ಪಟ್ಟಿಗಳನ್ನು ಸುತ್ತತೊಡಗಿದ. ಕೇಶವಮೂರ್ತಿ ಆ ಚೀಟಿಯನ್ನು ಬೆರಳುಗಳ ನಡುವೆ ತಿರುವಿದ. ಅರ್ಧ ನೀವು ಇಟ್ಟುಕೊಳ್ಳಿ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಮನೆಯಲ್ಲಿ ಬ್ಯಾಂಕಿನ ಕಾಗದವಿತ್ತು.

"ಏಳ್ನೂರು ಬಾಕಿ ಏನಿಲ್ಲ ಸಾಬ್ರೇ," ಎಂದ ಕೊನೆಗೆ. "ಗೇಟಿನ ತನಕ ಓಡಿಸ್ದೆನಲ್ಲ. ಬಾಡಿಗೆ."

"ಇನ್ನೂರು ಗಜಕ್ಕೆ ಏಳ್ನೂರಾ? ದುಬಾರಿ ಆಯ್ತು."

"ನಾಗಪ್ಪ ಅಂದ್ರೆ ಸುಮ್ನೇನಾ?"

ಇಬ್ಬರೂ ನಗಲು ಹೊರಟರು. ಅಷ್ಟರಲ್ಲಿ ಕೆಂಪು ಟೋಪಿಯವನು ಕಾರಿನ ಹತ್ತಿರ ಬಂದದ್ದು ಕಂಡು ಇಬ್ಬರೂ ಆ ಕಡೆ ನೋಡಿದರು. ಅವನು ಕಷ್ಟಪಟ್ಟು ಸೀಟಿನೊಳಗೆ ತೂರಿಕೊಂಡ. ಅಯೂಬ್ ನಾಲ್ಕು ಹೆಜ್ಜೆ ಮುಂದೆ ಹೋಗಿ, ಎರಡು ಸಲ ಒತ್ತಬೇಕು, ಆಮೇಲೆ ಕಾಯಬೇಕು ಎಂದು ಕೈಸನ್ನೆಯಲ್ಲೇ ಹೇಳಿದ. ಟೋಪಿಯವನು, ಅಭಿನಂದಿಸುತ್ತಿದ್ದಾರೆಂದುಕೊಂಡು, ಹೆಬ್ಬೆರಳು ಎತ್ತಿ ನಕ್ಕು ಕೀಲಿ ತಿರುಗಿಸಿದ. ಎಂಜಿನ್ನು ಕೆಮ್ಮಿತು. ಮತ್ತೆ ತಿರುಗಿಸಿದ. ಮತ್ತೆ ಕೆಮ್ಮಿತು. ಗಾಜಿನ ಮೇಲೆ ಆಗಲೇ ಹಳದಿ ಪುಡಿ ಕೂತಿತ್ತು.

ಅಯೂಬ್ ನಿಂತಲ್ಲೇ ನಿಂತಿದ್ದ. ಅವನ ಬಲಗಾಲು ಡಾಂಬರನ್ನು ಎರಡು ಸಲ ಮೆತ್ತಗೆ ಒತ್ತಿತು. ಆಮೇಲೆ ಅವನ ತುಟಿ ಎಣಿಸತೊಡಗಿತು.