ಚಾಡಿ ಹೇಳಿದ ಮಗಳು

ಸೊಂಟದ ಮೂಳೆ ಮುರಿದು, ಆಪರೇಷನ್ ಮುಗಿಸಿಕೊಂಡು ನಾನು ಮನೆಗೆ ಬಂದ ದಿನದಿಂದ ಇಲ್ಲಿ ಪೊಲೀಸ್ ಕಾಯಿದೆ ಜಾರಿಯಲ್ಲಿದೆ. ಪೊಲೀಸ್ ಎಂದರೆ ಬೇರೆ ಯಾರೂ ಅಲ್ಲ, ನನ್ನ ಮಗಳು. ವಯಸ್ಸು ನಲವತ್ತರ ಹತ್ತಿರ. ಹುಟ್ಟಿನಿಂದಲೇ ಅವಳ ಬುದ್ಧಿಯ ಬೆಳವಣಿಗೆ ನಿಧಾನ. ಒಂದು ದೊಡ್ಡ ಲಾಂಡ್ರಿಯಲ್ಲಿ ಟವೆಲು, ಹಾಸಿಗೆ ಹೊದಿಕೆ ಮಡಿಸುವ ಕೆಲಸ ಮಾಡುತ್ತಾಳೆ. ಅಂಚಿಗೆ ಅಂಚು ಕೂಡದಿದ್ದರೆ ತನ್ನದಿರಲಿ, ಪಕ್ಕದವರು ಮಡಿಸಿದ್ದನ್ನೂ ಬಿಚ್ಚಿ ಮತ್ತೆ ಮಡಿಸುತ್ತಾಳೆ. ಅದಕ್ಕೇ ಅಲ್ಲಿಯವರು ಅವಳಿಗೆ ಇನ್ಸ್‌ಪೆಕ್ಟರ್ ಎಂದು ಹೆಸರಿಟ್ಟರು. ಆ ಹೆಸರು ಮನೆಗೂ ಬಂತು.

ನಾನು ಆಸ್ಪತ್ರೆಯಲ್ಲಿದ್ದಾಗ ಫಿಸಿಯೋಥೆರಪಿಯ ಹುಡುಗಿ ನನಗೆ ಹೇಳಿದ್ದನ್ನೆಲ್ಲ ಇವಳಿಗೂ ಹೇಳಿಕೊಟ್ಟಿದ್ದಳು. ಕಾಲ ಮೇಲೆ ಕಾಲು ಹಾಕಬಾರದು, ತಗ್ಗಾದ ಕುರ್ಚಿಯಲ್ಲಿ ಕೂರಬಾರದು, ಬಗ್ಗಬಾರದು. ನಾನು ಅರ್ಧ ಕೇಳಿಸಿಕೊಂಡೆ, ಅರ್ಧ ಈ ಕಿವಿಯಿಂದ ಆ ಕಿವಿಗೆ ಬಿಟ್ಟೆ. ಇವಳು ಒಂದಕ್ಷರ ಬಿಡಲಿಲ್ಲ. ಕೆಳಗೆ ಬಿದ್ದ ಬಾಚಣಿಗೆಗೆ ಕೈ ಚಾಚಿದರೆ ಸಾಕು, ಅಡುಗೆಮನೆಯಿಂದಲೇ "ಅಮ್ಮಾ, ಬಗ್ಗಬೇಡ!" ಎಂದು ಕೂಗು ಬರುತ್ತದೆ.

ನನ್ನ ಮಗನಿಗೆ ಇದು ತಮಾಷೆಯಾಗಿ ಕಾಣಲಿಲ್ಲ. ಅವನು ಕೆಟ್ಟವನಲ್ಲ, ಆದರೆ ಒಮ್ಮೆ ತಲೆಗೆ ಏನಾದರೂ ಹೊಕ್ಕರೆ ತೆಗೆಯುವುದು ಕಷ್ಟ.

"ನಿನ್ನನ್ನ ನೋಡ್ಕೊಳ್ಳೋಕೆ ಅವಳಿಗಾಗತ್ತಾ? ಅವಳನ್ನ ನೋಡ್ಕೊಳ್ಳೋಕೆ ನಿನಗಾಗತ್ತಾ? ಸುಮ್ಮನೆ ಹಠ ಮಾಡ್ಬೇಡಮ್ಮ" ಎಂದ.

ನಾನು ಅವನ ಮನೆಗೆ ಹೋಗಬೇಕು, ತಂಗಿ ಇಂಥವರಿಗೆಂದೇ ಇರುವ ಹಾಸ್ಟೆಲಿಗೆ ಹೋಗಬೇಕು, ಇದು ಅವನ ಲೆಕ್ಕಾಚಾರ. ಹಾಸ್ಟೆಲನ್ನು ನೋಡಿಕೊಂಡೂ ಬಂದಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು. ಜಗಳವಾಡಿ ಇಬ್ಬರಿಗೂ ಗಂಟಲು ಕಟ್ಟಿದ ಮೇಲೆ ಒಂದು ಒಪ್ಪಂದಕ್ಕೆ ಬಂದೆವು. ಆಸ್ಪತ್ರೆಯಿಂದ ಮನೆಗೆ ಬಂದ ಮುದುಕರನ್ನು, ಅಂಗವಿಕಲರನ್ನು ನೋಡಿಕೊಂಡು ಹೋಗಲು ಆಸ್ಪತ್ರೆಯ ಕಡೆಯಿಂದ ಒಬ್ಬ ಮೇಡಂ ಬರುತ್ತಾರೆ. ಮನೆಯಲ್ಲಿ ಏನು ಕಷ್ಟ ಎಂದು ನೋಡಿ ಅದಕ್ಕೆ ತಕ್ಕ ನೆರವು ಕೊಡಿಸುವುದು ಅವರ ಕೆಲಸ. ತಾಯಿ ಮಗಳು ಇಲ್ಲೇ ಇರಬಹುದು ಎಂದು ಅವರು ಹೇಳಿದರೆ ಮಗ ಬಾಯಿ ಮುಚ್ಚಿಕೊಳ್ಳಬೇಕು. ಬೇಡ ಎಂದರೆ ನಾನು ಗಂಟುಮೂಟೆ ಕಟ್ಟಬೇಕು.

ಮೇಡಂ ಬರುವ ಹಿಂದಿನ ದಿನ ನಾನು ಬಚ್ಚಲಲ್ಲಿ ಬಿದ್ದೆ.

ಇನ್ಸ್‌ಪೆಕ್ಟರ್ ಬಟ್ಟೆ ಒಣಹಾಕಲು ಹೋದದ್ದೇ ಸಮಯ ಎಂದು ವಾಕರ್ ಬಿಟ್ಟು ಗೋಡೆ ಹಿಡಿದು ಹೋಗಿದ್ದೆ. ದೊಡ್ಡ ಪೆಟ್ಟೇನಲ್ಲ, ಮೊಣಕೈ ತರಚಿತು, ಸೊಂಟ ಚುರುಕ್ ಎಂದಿತು. ಅವಳು ಓಡಿ ಬಂದಳು. ಎದ್ದು ಹಾಸಿಗೆ ಸೇರಿದ ಕೂಡಲೇ ನಾನು ಅವಳ ಕೈ ಹಿಡಿದು ಹೇಳಿದೆ:

"ನಾಳೆ ಮೇಡಂ ಹತ್ರ ಇದನ್ನ ಹೇಳಬಾರದು. ಅಣ್ಣನಿಗೂ ಹೇಳಬಾರದು."

"ಯಾಕೆ?"

"ಹೇಳಿದ್ರೆ ನಿನ್ನನ್ನ ಬೇರೆ ಕಡೆ ಕಳಿಸಿಬಿಡ್ತಾರೆ."

ಅವಳ ಮುಖ ಸಪ್ಪಗಾಯಿತು. ಒಪ್ಪಿದಳು ಎಂದುಕೊಂಡೆ.

ಮರುದಿನ ಉದ್ದ ತೋಳಿನ ಅಂಗಿ ತೊಟ್ಟು ಗಾಯ ಮುಚ್ಚಿ ಕುಳಿತೆ. ಮಗ ಮೊದಲೇ ಬಂದು ಕೈಕಟ್ಟಿ ನಿಂತಿದ್ದ. ಮೇಡಂ ಮಂಚದ ಎತ್ತರ ನೋಡಿದರು, ಬಚ್ಚಲು ನೋಡಿದರು, ನನ್ನನ್ನು ನಡೆಸಿ ನೋಡಿದರು. ನಾನು ನೋವನ್ನು ನುಂಗಿಕೊಂಡು ನಗುನಗುತ್ತಾ ನಡೆದೆ.

"ಮನೆಗೆ ಬಂದ ಮೇಲೆ ಬಿದ್ದಿದ್ರಾ?"

"ಛೇ, ಛೇ! ಒಂದ್ಸಲ ಮುಗ್ಗರಿಸಿಯೂ ಇಲ್ಲ."

ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಅರ್ಧ ಆಯುಷ್ಯ ಕಳೆದವಳು ನಾನು. ಸುಳ್ಳು ಹೇಳುವವರ ಮುಖ ಹೇಗಿರುತ್ತದೆ ಎಂದು ನನಗೆ ಗೊತ್ತು. ನನ್ನ ಮುಖ ಹಾಗೆ ಕಾಣದಂತೆ ನೋಡಿಕೊಂಡೆ.

ಮೇಡಂ ಮಗಳ ಕಡೆ ತಿರುಗಿದರು. "ನೀವು ಹೇಳಿ. ಮನೇಲಿ ಎಲ್ಲ ಸರಿ ಇದ್ಯಾ?"

ಅವಳನ್ನು ನೀವು ಎಂದು ಮಾತಾಡಿಸುವವರು ಕಡಿಮೆ. ಅವಳು ನೆಟ್ಟಗೆ ನಿಂತಳು. ನನ್ನನ್ನು ನೋಡಿದಳು. ನಾನು ಕಣ್ಣು ಕೆಕ್ಕರಿಸಿದೆ.

"ಅಮ್ಮ ನಿನ್ನೆ ಬಚ್ಚಲಲ್ಲಿ ಬಿದ್ಲು. ಹೇಳಬೇಡ ಅಂದ್ಲು" ಎಂದವಳೇ ಬಂದು ನನ್ನ ಅಂಗಿಯ ತೋಳು ಮೇಲೆ ಸರಿಸಿ ಗಾಯ ತೋರಿಸಿದಳು.

"ಚಾಡಿಕೋರಿ!" ಎಂದು ನಾನು ಕಿರುಚಿದೆ.

"ನೋಡಿದ್ರಾ ಮೇಡಂ? ನಾನು ಬಡ್ಕೊಂಡಿದ್ದೇ ಇದನ್ನ" ಎಂದು ಮಗ ಮುಂದೆ ಬಂದ.

ಮೇಡಂ ಅವನ ಕಡೆ ನೋಡಲೂ ಇಲ್ಲ. "ಬಿದ್ದಾಗ ನೀವೇನು ಮಾಡಿದ್ರಿ?" ಎಂದು ಅವಳನ್ನೇ ಕೇಳಿದರು.

"ಎತ್ತಲಿಲ್ಲ. ಎತ್ತಬಾರದು ಅಂತ ಆಸ್ಪತ್ರೆ ಅಕ್ಕ ಹೇಳಿದ್ರು. ಕೈ ಹಿಡಿದು ಎಳಿ ಅಂತ ಅಮ್ಮ ಬೈದ್ಲು. ನಾನು ಎಳೀಲಿಲ್ಲ."

"ಆಮೇಲೆ?"

"ಎಲ್ಲಿ ನೋವು ಅಂತ ಕೇಳ್ದೆ. ನೆಲ ಒರೆಸ್ದೆ. ಎತ್ತರದ ಕುರ್ಚಿ ತಂದು ಹಿಡ್ಕೊಂಡೆ. ಅವಳೇ ಅದನ್ನ ಹಿಡಿದು ನಿಧಾನಕ್ಕೆ ಎದ್ಲು. ಆಸ್ಪತ್ರೆಗೆ ಫೋನ್ ಮಾಡ್ತೀನಿ ಅಂದೆ. ಅಮ್ಮ ಫೋನ್ ಕಿತ್ಕೊಂಡು ದಿಂಬಿನ ಕೆಳಗೆ ಇಟ್ಕೊಂಡ್ಲು."

ಎಲ್ಲ ನಿಜ. ಒಂದಕ್ಷರ ಸುಳ್ಳಿಲ್ಲ.

"ಅಮ್ಮ ಬೇಡ ಅಂದ್ರೂ ಯಾಕೆ ಹೇಳಿದ್ರಿ?"

ಅವಳ ಕಣ್ಣು ತುಂಬಿ ಬಂತು. "ಹೇಳಿದ್ರೆ ನನ್ನನ್ನ ಕಳಿಸಿಬಿಡ್ತಾರಂತೆ. ಕಳಿಸಿದ್ರೆ ಕಳಿಸಲಿ. ಅಮ್ಮ ಮತ್ತೆ ಬೀಳಬಾರದು."

ಅವಳನ್ನು ಬಿಟ್ಟಿರಲಾರೆ ಎಂದು ನಾನು ಸುಳ್ಳು ಹೇಳಿದ್ದೆ. ನನ್ನನ್ನು ಬಿಟ್ಟಿರಬೇಕಾದರೂ ಸರಿ ಎಂದು ಅವಳು ನಿಜ ಹೇಳಿದ್ದಳು. ಇಂಥ ಎದೆಗಾರಿಕೆ ನನ್ನಲ್ಲಿಲ್ಲ. ಇವಳನ್ನು ಹೆತ್ತವಳು ನಾನು ಎಂದು ಎದೆಯುಬ್ಬಿತು, ಅಳುವೂ ಬಂತು.

ಮೇಡಂ ಈಗ ಮಗನ ಕಡೆ ತಿರುಗಿದರು. "ನಾನು ದಿನಾ ಇಂಥ ಮನೆಗಳಿಗೆ ಹೋಗ್ತೀನಿ. ಎಲ್ಲರೂ ನಿಮ್ಮಮ್ಮನ ಹಾಗೇನೇ, ಚೆನ್ನಾಗಿದ್ದೀನಿ ಅಂತಾರೆ. ನಿಜ ಹೇಳೋರು ಒಬ್ರು ಮನೇಲಿದ್ರೆ ಉಳಿದಿದ್ದನ್ನ ನಾವು ಕೊಡಬಹುದು. ಇಲ್ಲಿ ಇದ್ದಾರೆ. ಇಬ್ಬರೂ ಇಲ್ಲೇ ಇರಬಹುದು."

ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ ಹಾಕಿಸುವುದು, ಸ್ನಾನಕ್ಕೆ ಕೂರಲು ಕುರ್ಚಿ, ಬೆಳಗ್ಗೆ ಸ್ನಾನ ಮಾಡಿಸಲು ಒಬ್ಬ ಸಹಾಯಕಿ ಎಂದು ಹೇಳಿದರು. ಇವಳ ಕೆಲಸದ ಹೊತ್ತಿನಲ್ಲಿ ಬಂದು ನೋಡುವ ಜವಾಬ್ದಾರಿಯನ್ನು ಮಗನಿಗೇ ಹೊರಿಸಿದರು. ಮಗಳು ಮನೆಯಲ್ಲಿರುವಾಗ ಫೋನ್ ನನ್ನ ಕೈಗೆ ಸಿಗದಂತೆ ಅವಳ ಹತ್ತಿರವೇ ಇರಬೇಕು ಎಂದರು. ಇದು ಸ್ವಲ್ಪ ಅತಿಯಾಯಿತು. ಮೂಳೆಗೆ ಏಟಾಗಿದೆಯೋ ಏನೋ, ಈಗಲೇ ಎಕ್ಸ್‌ರೇ ಮಾಡಿಸಿ ಎಂದೂ ಹೇಳಿದರು.

ಮೂಳೆಗೆ ಏನೂ ಆಗಿರಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮಗನೇ ನಮ್ಮಿಬ್ಬರನ್ನೂ ಕಾರಿನಲ್ಲಿ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಹಾಸ್ಟೆಲಿನ ಮಾತೆತ್ತಲಿಲ್ಲ. ಎಕ್ಸ್‌ರೇ ಕೌಂಟರಿನಲ್ಲಿದ್ದವನು ತಲೆ ಎತ್ತದೆ, "ಪೇಷೆಂಟ್ ಕಡೆಯವರು ಯಾರು?" ಎಂದ. ಮಗ ಬಾಯಿ ತೆರೆಯುವಷ್ಟರಲ್ಲಿ ನಾನು ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಹೇಳಿದೆ:

"ಇವಳು, ನನ್ನ ಮಗಳು. ಏನು ಕೇಳೋದಿದ್ರೂ ಇವಳನ್ನೇ ಕೇಳಿ. ನನ್ನನ್ನ ಕೇಳಬೇಡಿ, ನಾನು ಸುಳ್ಳು ಹೇಳ್ತೀನಿ."