ಬಂಡೆ ಬಾಯಿಬಿಟ್ಟ ದಿನ

ಒಂದೇ ಊರಿನ ಎರಡು ಕುಸ್ತಿ ಕಂಪನಿಗಳಲ್ಲಿ ಅವನಿಗೆ ಎರಡು ಅಡ್ಡಹೆಸರು. ಹಳೆ ಕಂಪನಿಯಲ್ಲಿ ‘ಮೇಷ್ಟ್ರು’, ಹೊಸ ಕಂಪನಿಯಲ್ಲಿ ‘ಜೋಗುಳ’. ಮೊದಲನೆಯದನ್ನು ಎದುರಿಗೇ ಕರೆಯುತ್ತಿದ್ದರು. ಎರಡನೆಯದನ್ನು ಅವನು ಬೆನ್ನು ತಿರುಗಿಸಿದ ಮೇಲೆ, ಆದರೆ ಅವನಿಗೆ ಕೇಳಿಸುವಷ್ಟು ಗಟ್ಟಿಯಾಗಿ.

ಕೆಲಸ ಎರಡೂ ಕಡೆ ಒಂದೇ. ಟಿಕೆಟ್ ಕೊಂಡು ನೋಡುವ ಈ ಕುಸ್ತಿಯಲ್ಲಿ ಯಾರು ಗೆಲ್ಲಬೇಕು, ಯಾರು ಯಾರ ಬೆನ್ನಿಗೆ ಕುರ್ಚಿಯಲ್ಲಿ ಬಾರಿಸಬೇಕು ಎಂಬುದೆಲ್ಲ ಮೊದಲೇ ತೀರ್ಮಾನವಾಗಿರುತ್ತದೆ. ತೀರ್ಮಾನಿಸುವವನು ಕಥೆಗಾರ. ಹೊಡೆದಾಟಕ್ಕೆ ಮುಂಚೆ ಪೈಲ್ವಾನರು ಮೈಕು ಹಿಡಿದು ಎದುರಾಳಿಯ ಜನ್ಮ ಜಾಲಾಡುತ್ತಾರಲ್ಲ, ಆ ಮಾತನ್ನು ಬರೆಯುವವನೂ ಅವನೇ.

ಹಳೆ ಕಂಪನಿಯ ಆಟ ನಡೆಯುತ್ತಿದ್ದದ್ದು ತಗಡಿನ ಸೂರಿನ ಗೋದಾಮಿನಲ್ಲಿ. ಅಲ್ಲಿನ ಮುಖ್ಯ ಪೈಲ್ವಾನ ಬಂಡೆ ನಮ್ಮ ಕಥೆಗಾರನ ಹೆಂಡತಿಯ ಸ್ವಂತ ತಮ್ಮ. ಬಾಗಿಲಲ್ಲಿ ಅಡ್ಡ ತಿರುಗಿ ನುಗ್ಗುವಂಥ ಆಳು. ಬಂಡೆ ಮೈಕು ಹಿಡಿದನೆಂದರೆ ಮೊದಲು ಏನೂ ಹೇಳುತ್ತಿರಲಿಲ್ಲ. ಎದುರಾಳಿಯನ್ನು ನೋಡುತ್ತಿದ್ದ, ಸೂರನ್ನು ನೋಡುತ್ತಿದ್ದ, ಮತ್ತೆ ಎದುರಾಳಿಯನ್ನು ನೋಡುತ್ತಿದ್ದ. ಕೂಸುಗಳು ಕೂಡ ಅಳು ನಿಲ್ಲಿಸುತ್ತಿದ್ದವು. ಆಮೇಲೆ “ಮನೆಗೆ ಹೋಗು” ಎಂದಷ್ಟೇ ಹೇಳಿ ಮೈಕು ಬಿಸಾಡುತ್ತಿದ್ದ. ಗೋದಾಮು ಕಿತ್ತುಹೋಗುವ ಹಾಗೆ ಜನ ಕೂಗುತ್ತಿದ್ದರು. ಎಂಥ ಮೌನ ಬರೀತಾನಪ್ಪ ಇವನು ಎಂದು ಬಲ್ಲವರೆಲ್ಲ ಕಥೆಗಾರನನ್ನು ಹೊಗಳಿ ಅಟ್ಟಕ್ಕೇರಿಸಿದರು. ಹೊಗಳಿಕೆ ಯಾರಿಗೆ ಕಹಿ? ಅವನೂ ಇಳಿಯುವ ಗೋಜಿಗೆ ಹೋಗಲಿಲ್ಲ. ತಾನು ಬರೆದದ್ದನ್ನೆಲ್ಲ ಬಂಡೆ ಅರಗಿಸಿಕೊಂಡು ಆ ಒಂದು ಮಾತಿಗೆ ಇಳಿಸುತ್ತಾನೆಂದೇ ನಂಬಿಕೊಂಡಿದ್ದ.

ಆ ಕೀರ್ತಿ ಕೇಳಿಯೇ ಹೊಸ ಕಂಪನಿಯ ಯಜಮಾನಿ ಅವನನ್ನು ಕರೆಸಿಕೊಂಡಿದ್ದು. ಗಾಜಿನ ಕೋಣೆ ಕೊಟ್ಟಳು, ಗರಗರ ತಿರುಗುವ ಕುರ್ಚಿ ಕೊಟ್ಟಳು, ಮಿಂಚು ಎಂಬ ಹುಡುಗಿಯನ್ನೂ ಕೊಟ್ಟಳು. ಮಿಂಚು ನಾಟಕ ಕಲಿತು ಅಖಾಡಕ್ಕೆ ಬಂದವಳು. ಅವನು ಬರೆದದ್ದನ್ನು ಒಂದಕ್ಷರ ಬಿಡದೆ ಬಾಯಿಪಾಠ ಮಾಡುತ್ತಿದ್ದಳು. ನಡುವೆ ಕೆಮ್ಮು ಅಂತ ಬರೆದಿದ್ದರೆ ಅಲ್ಲೇ ಕೆಮ್ಮುತ್ತಿದ್ದಳು. ಅಂಥವಳು ಕೈಗೆ ಸಿಕ್ಕಿದ್ದು ತನ್ನ ಪುಣ್ಯ ಎಂದುಕೊಂಡು ಅವನು ಪುಟಗಟ್ಟಲೆ ಬರೆದ. ಅವಳು ಎದುರಾಳಿಯ ತಾತನ ಕಾಲದಿಂದ ಶುರುಮಾಡಿ ನಿಧಾನಕ್ಕೆ ಎದುರಾಳಿಯ ಹತ್ತಿರ ಬರುವಷ್ಟರಲ್ಲಿ ಅರ್ಧ ಜನ ಮೂತ್ರಕ್ಕೆ ಎದ್ದುಹೋಗಿರುತ್ತಿದ್ದರು. ಉಳಿದರ್ಧ ಅಲ್ಲೇ ತೂಕಡಿಸುತ್ತಿತ್ತು. ಎದುರಾಳಿಯೂ ಅಖಾಡದ ಸುತ್ತಲಿನ ಹಗ್ಗಕ್ಕೆ ಒರಗಿ ಕಣ್ಣುಮುಚ್ಚುತ್ತಿದ್ದಳು.

“ಶನಿವಾರದ ಆಟ ನೋಡ್ತೀನಿ” ಎಂದಳು ಯಜಮಾನಿ. “ಜನ ಮಲಗಿದ್ರೆ ಸೋಮವಾರ ನೀವು ಬರೋದು ಬೇಡ.”

ಕಥೆಗಾರ ಲೆಕ್ಕ ಹಾಕಿದ. ಕೆಲಸ ಹೋಗುವುದಿರಲಿ, ಹೆಸರು ಹೋಗುತ್ತದಲ್ಲ. ತಪ್ಪು ತನ್ನದಲ್ಲ, ಹುಡುಗಿಗೆ ಮೌನ ಹಿಡಿಯಲು ಬರುವುದಿಲ್ಲ ಎಂದು ತೀರ್ಮಾನಿಸಿದ. ಅದನ್ನು ಕಲಿಸಲು ಬಂಡೆಗಿಂತ ಬೇರೆ ಯಾರು ಬೇಕು? ಮರುದಿನವೇ ಭಾವಮೈದುನನನ್ನು ಹೊಸ ಕಂಪನಿಯ ತಾಲೀಮಿಗೆ ಎಳೆದುಕೊಂಡು ಬಂದ. ತಮ್ಮ ಒಬ್ಬನೇ ವಾಪಸು ಬರುವಾಗ ದಾರಿ ತಪ್ಪುತ್ತಾನೆಂದು ಹೆಂಡತಿಯೂ ಜೊತೆಗೆ ಬಂದಳು.

“ನನ್ನ ಮಾತಿನ ನಡುವೆ ಆ ಮೌನ ಇರುತ್ತಲ್ಲ,” ಎಂದ ಕಥೆಗಾರ ಬಂಡೆಗೆ, ಮಿಂಚುವಿನ ಎದುರು ಎದೆಯುಬ್ಬಿಸಿ, “ಅದನ್ನ ಹೇಗೆ ಹಿಡೀತೀಯಾ, ಈ ಹುಡುಗಿಗೆ ಸ್ವಲ್ಪ ಹೇಳಿಕೊಡು.”

ಬಂಡೆ ಅಕ್ಕನ ಮುಖ ನೋಡಿದ. ಅಕ್ಕ ನೆಲ ನೋಡಿದಳು.

“ಯಾವ ಮೌನ ಭಾವ?” ಎಂದ. “ಮಾತು ಮರೆತುಹೋಗ್ತಿತ್ತು. ನೆನಪು ಮಾಡ್ಕೊಳ್ತಾ ನಿಂತಿರ್ತಿದ್ದೆ. ಕೊನೆಗೂ ನೆನಪಾಗ್ದೆ ಬಾಯಿಗೆ ಬಂದಿದ್ದು ಅಂದುಬಿಡ್ತಿದ್ದೆ.”

“ನಾನು ಬರೆದಿದ್ದು?”

“ಉದ್ದ ಇರ್ತಿತ್ತಲ್ಲ ಭಾವ. ಒಂದ್ಸಲಾನೂ ಪೂರ್ತಿ ಓದಿಲ್ಲ. ನೀವು ಬೇಜಾರು ಮಾಡ್ಕೋತೀರ ಅಂತ ಅಕ್ಕ ಹೇಳ್ಬೇಡ ಅಂದಿದ್ಲು.”

ಮಿಂಚು ಮರ್ಯಾದೆಗೆ ಶೂ ಲೇಸು ಬಿಚ್ಚಿ ಮತ್ತೆ ಕಟ್ಟಿಕೊಂಡಳು. ಕಥೆಗಾರ ಪೆಚ್ಚುಮೋರೆ ಹಾಕಿಕೊಂಡು ಗಾಜಿನ ಕೋಣೆಗೆ ಹೋಗಿ ಕುಳಿತ. ಗಾಜಿನ ಕೋಣೆಯ ತೊಂದರೆಯೆಂದರೆ ಅಳುವುದಕ್ಕೂ ಆಗುವುದಿಲ್ಲ. ವರ್ಷಗಟ್ಟಲೆ ತಾನು ಹೊತ್ತು ಮೆರೆದ ಕೀರ್ತಿ ಒಬ್ಬ ಸೋಮಾರಿಯ ಮರೆವು ಎಂದು ತಿಳಿದಾಗ ಅವನಿಗೆ ಸಿಟ್ಟಿಗಿಂತ ದುಃಖವೇ ಹೆಚ್ಚಾಯಿತು. ತಾನು ಬರೆದದ್ದನ್ನು ಈ ಭೂಮಿಯ ಮೇಲೆ ಪೂರ್ತಿ ಓದಿದವಳು ಮಿಂಚು ಒಬ್ಬಳೇ. ಅವಳು ಓದಿದ್ದರಿಂದಲೇ ಅವನು ಕೆಟ್ಟಿದ್ದ.

ಶನಿವಾರ ಸಂಜೆ ಪರದೆಯ ಹಿಂದೆ ಮಿಂಚು ಕಣ್ಣುಮುಚ್ಚಿ ತುಟಿಯಾಡಿಸುತ್ತಾ ನಿಂತಿದ್ದಳು.

“ಅದನ್ನ ಮರೆತುಬಿಡು” ಎಂದ ಅವನು.

“ಒಂದ್ಸಲ ಕಲಿತಿದ್ದು ಮರೆಯಕ್ಕಾಗಲ್ಲ ಸರ್.”

“ಹಾಗಾದ್ರೆ ಹೇಳ್ಬೇಡ. ಸುಮ್ನೆ ಹೋಗಿ ನಿಂತ್ಕೋ. ತಡೆಯಕ್ಕಾಗ್ದೆ ಇದ್ದಾಗ ಏನು ಬರುತ್ತೋ ಅದನ್ನ ಹೇಳು. ನಾನು ಬರೆದಿದ್ದು ಮಾತ್ರ ಬೇಡ.”

“ಏನೂ ಬರದೆ ಇದ್ರೆ?”

“ಇಬ್ಬರೂ ಮನೆಗೆ ಹೋಗೋಣ.”

ಅವಳು ಹೋಗಿ ನಿಂತಳು. ಎದುರಾಳಿ ಅಭ್ಯಾಸಬಲದಿಂದ ಹಗ್ಗಕ್ಕೆ ಒರಗಿದಳು. ಮಿಂಚು ತುಟಿ ಪಿಟಕ್ಕೆನ್ನಲಿಲ್ಲ. ಮೊದಲು ಗುಸುಗುಸು, ಆಮೇಲೆ ಒಂದು ಸಿಳ್ಳೆ, ಆಮೇಲೆ ಯಾರೋ ಹಿಂದಿನಿಂದ “ಕರೆಂಟ್ ಹೋಯ್ತಾ?” ಎಂದು ಕೇಳಿದರು. ಅವಳು ತಿರುಗಿ ಪರದೆಯ ಕಡೆ ನೋಡಿದಳು. ಅವನು ಬೆವರುತ್ತಾ ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿ ತೋರಿಸಿದ. ಅವಳು ಮೈಕನ್ನು ಗಲ್ಲಕ್ಕೆ ಒತ್ತಿ ಹಿಡಿದಾಗ ಅದು ಗೊರಗೊರ ಸದ್ದು ಮಾಡಿತು. ಸಭಾಂಗಣ ಮೆಲ್ಲಗೆ ಸ್ತಬ್ಧವಾಯಿತು.

“ನನಗೆ ಭಯ ಆಗ್ತಿದೆ” ಎಂದಳು ಮಿಂಚು. ಮೂಗು ಒರೆಸಿಕೊಂಡಳು. “ಬಾ.”

ಮೂತ್ರಕ್ಕೆ ಹೊರಟವರೂ ಓಡಿಬಂದರು. ಆ ದಿನದ ಕುಸ್ತಿಯಲ್ಲಿ ಜನ ಕುರ್ಚಿಯ ಮೇಲೆ ಕುಳಿತದ್ದನ್ನು ಯಾರೂ ನೋಡಲಿಲ್ಲ.

ಯಜಮಾನಿ ಪರದೆಯ ಹಿಂದೆ ಬಂದು ಅವನ ಕೈ ಹಿಡಿದುಕೊಂಡಳು. “ಇಷ್ಟು ದಿನ ಇದನ್ನ ಎಲ್ಲಿ ಬಚ್ಚಿಟ್ಟಿದ್ರಿ ಮೇಷ್ಟ್ರೇ?”

“ನಾನು ಬರೆದಿಲ್ಲ ಮೇಡಂ. ಆ ಹುಡುಗೀನೇ ಹೇಳಿದ್ದು. ಹಳೆ ಕಂಪನೀಲೂ ನಾನು ಬರೆದಿದ್ದನ್ನ ಯಾರೂ ಹೇಳಿಲ್ಲ. ದೇವರಾಣೆ.”

“ದೊಡ್ಡವರೆಲ್ಲ ಹೀಗೇ ಹೇಳೋದು” ಎಂದು ಯಜಮಾನಿ ನಕ್ಕಳು. ಅವನು ಇನ್ನೂ ನಾಲ್ಕು ಜನಕ್ಕೆ ಅದೇ ನಿಜ ಹೇಳಿ ನೋಡಿದ. ಎಂಥ ವಿನಯ ಎಂದು ಅವರೂ ಹೊಗಳಿದರು. ಕೊನೆಗೆ ಸಾಕಾಗಿ ಸುಮ್ಮನಾದ.

ಭಾನುವಾರ ಮಧ್ಯಾಹ್ನ ಹೆಂಡತಿ ಹೇಳದೆ ಕೇಳದೆ ಅವನನ್ನು ಹಳೆ ಗೋದಾಮಿಗೆ ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರಿಸಿದಳು. “ವಾರವಿಡೀ ಊಟ ಬಿಟ್ಟು ಕೂತಿದಾನೆ” ಎಂದಳು. ಊಟ ಬಿಡುವ ಬಂಡೆಯನ್ನು ಅವರ ವಂಶದಲ್ಲಿ ಯಾರೂ ಕಂಡಿರಲಿಲ್ಲ.

ಬಂಡೆ ಮೈಕು ಹಿಡಿದ. ಮೌನಕ್ಕೆ ಕಾದು ಜನ ಮುಂದಕ್ಕೆ ಬಾಗಿದರು. ಮೌನ ಬರಲಿಲ್ಲ.

“ಎಲೈ ಎದುರಾಳಿಯೇ,” ಎಂದು ಶುರುವಿಟ್ಟುಕೊಂಡ ಬಂಡೆ, “ನಿನ್ನ ತಾತನು ಈ ಅಖಾಡದ ಮಣ್ಣನ್ನು ಮೊದಲು ಮುಟ್ಟಿದ ದಿನದಿಂದ ಹೇಳುವುದಾದರೆ…”

ಕಥೆಗಾರ ಕುರ್ಚಿಯ ತುದಿಗೆ ಸರಿದ. ಹಳೆ ಕಂಪನಿಗೆಂದು ಅವನು ಬರೆದ ಮೊಟ್ಟಮೊದಲ ಮಾತು ಅದು. ಬಂಡೆ ಬೆರಳು ಮಡಚಿ ಲೆಕ್ಕ ಹಿಡಿಯುತ್ತಾ, ಬೆವರು ಸುರಿಸುತ್ತಾ, ಒಂದು ಸಾಲೂ ಬಿಡದೆ ಹೇಳುತ್ತಾ ಹೋದ. ತಾತನ ಕಾಲ ಮುಗಿಯುವಷ್ಟರಲ್ಲಿ ಹಿಂದಿನ ಸಾಲುಗಳು ಎದ್ದವು. ಅಪ್ಪನ ಕಾಲಕ್ಕೆ ನಡುವಿನವು ಖಾಲಿಯಾದವು. “ಯಾವನೋ ಇದನ್ನ ಬರೆದವನು?” ಎಂದು ಬೈಯುತ್ತಾ ಹಳೆ ಕಂಪನಿಯ ಮಾಲೀಕ ಅವರ ಪಕ್ಕದಲ್ಲೇ ಹಾದುಹೋದ. ಬಾಗಿಲ ಹತ್ತಿರ ಯಾರೋ ಹೆಸರು ಹೇಳಿರಬೇಕು. “ಅವನಾ?” ಎಂದದ್ದು ಕೇಳಿಸಿತು. ಮೇಷ್ಟ್ರು ಎಂಬ ಹೆಸರು ಆ ಗೋದಾಮಿನಿಂದ ಅಂದಿಗೆ ಹೊರಬಿತ್ತು.

ಹೋದರೆ ಹೋಗಲಿ ಎನಿಸಿತು ಅವನಿಗೆ. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಖಾಲಿ ಕುರ್ಚಿಗಳ ನಡುವೆ ಗಂಡ ಹೆಂಡತಿ ಇಬ್ಬರೇ. ಅಖಾಡದಲ್ಲಿ ಬಂಡೆ ಭಾವನನ್ನೇ ನೋಡುತ್ತಾ ಎದುರಾಳಿಯ ಚಿಕ್ಕಪ್ಪನ ಸಂಗತಿಗೆ ಬಂದಿದ್ದ. ಇನ್ನೂ ಒಂದು ಪುಟ ಬಾಕಿಯಿತ್ತು.

ಆಗ ಕಥೆಗಾರನಿಗೆ ಒಂದು ದೊಡ್ಡ ಆಕಳಿಕೆ ಬಂತು. ಹೆಂಡತಿ ಮೊಣಕೈಯಿಂದ ತಿವಿದಳು.

“ಬಾಯಿ ಮುಚ್ಕೊಂಡು ಕೇಳಿ” ಎಂದಳು. “ನಿಮ್ಮದೇ ತಾನೆ?”